ಸಾಲದ ತಕ್ಕಡಿಯಲ್ಲಿ ರಸಾಯನ ಶಾಸ್ತ್ರ

ಪ್ರತಿವರ್ಷವೂ ದ್ವಿತೀಯ ಪಿ.ಯು.ಸಿ. ಪರೀಕ್ಷೆಯ ಫಲಿತಾಂಶಗಳು ಪ್ರಕಟವಾದೊಡನೆ ನಮ್ಮ ನಾಡಿನ ಸಹಸ್ರಾರು ಮನೆಗಳಲ್ಲಿ ಒಂದೇ ಬಗೆಯ ಸಮಾಲೋಚನೆ ಆರಂಭವಾಗುತ್ತದೆ. ಮಗನನ್ನೋ ಮಗಳನ್ನೋ ಯಾವ ಕಾಲೇಜಿಗೆ ಸೇರಿಸಬೇಕು, ಹಣವನ್ನು ಎಲ್ಲಿಂದ ತರಬೇಕು, ತಂದ ಹಣವು ಮುಂದೆ ಸಂಪಾದನೆಯಾಗಿ ಹಿಂದಿರುಗೀತೇ ಎಂಬ ಮೂರು ಪ್ರಶ್ನೆಗಳು ರಾತ್ರಿಯ ಊಟದ ಹೊತ್ತಿನಲ್ಲಿ ಎದುರು ನಿಲ್ಲುತ್ತವೆ. ವೈದ್ಯ ಮತ್ತು ಎಂಜಿನಿಯರಿಂಗ್ ವಿದ್ಯೆಗಳ ವೆಚ್ಚವನ್ನು ಕುರಿತು ಬೇಕಾದಷ್ಟು ಚರ್ಚೆ ನಡೆದಿದೆ. ಆದರೆ ಸಾದಾ ವಿಜ್ಞಾನ ಪದವಿಗಾಗಿ, ಅದರಲ್ಲಿಯೂ ರಸಾಯನ ಶಾಸ್ತ್ರದ ಪದವಿಗಾಗಿ, ಸಾಲ ಮಾಡಬಹುದೇ ಎಂಬುದನ್ನು ಲೆಕ್ಕವಿಟ್ಟು ನೋಡಿದವರು ವಿರಳ. ಈ ಪದವಿಗೆ ಸೇರುವವರು ಬಹುಮಟ್ಟಿಗೆ ಮಧ್ಯಮ ಹಾಗೂ ಬಡ ಕುಟುಂಬಗಳ ಮಕ್ಕಳಾದುದರಿಂದ ಈ ಲೆಕ್ಕದ ಅವಶ್ಯಕತೆ ಇವರಿಗೇ ಹೆಚ್ಚು.

ಕೆಲವು ದಿನಗಳ ಹಿಂದೆ ನಮ್ಮ ಪರಿಚಿತರೊಬ್ಬರು ಸಂಜೆಯ ವೇಳೆ ಮನೆಗೆ ಬಂದರು. ಅವರು ತಾಲ್ಲೂಕು ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕರು. ನಿವೃತ್ತಿಗೆ ಇನ್ನು ಆರು ವರ್ಷ. ಕೈಯಲ್ಲಿ ಒಂದು ಬ್ಯಾಂಕಿನ ಅರ್ಜಿ ನಮೂನೆ, ಒಂದು ಖಾಸಗಿ ಕಾಲೇಜಿನ ಬಣ್ಣದ ಪತ್ರಿಕೆ. "ಸ್ವಾಮೀ, ಮಗಳು ರಸಾಯನ ಶಾಸ್ತ್ರವನ್ನೇ ಓದುತ್ತೇನೆಂದು ಕೂತಿದ್ದಾಳೆ. ಬಿ.ಎಸ್ಸಿ., ಎಂ.ಎಸ್ಸಿ. ಎರಡನ್ನೂ ನಮ್ಮಲ್ಲೇ ಮುಗಿಸಬಹುದೆಂದು ಕಾಲೇಜಿನವರು ಹೇಳುತ್ತಾರೆ. ಫೀಜು, ಹಾಸ್ಟೆಲು ಸೇರಿ ವರ್ಷಕ್ಕೆ ಎಂಬತ್ತು ಸಾವಿರ. ಬ್ಯಾಂಕಿನವರು ನಾಲ್ಕು ಲಕ್ಷ ಕೊಡಲು ಒಪ್ಪಿದ್ದಾರೆ. ನಾನು ರುಜು ಹಾಕಲೇ, ಬೇಡವೇ? ನೀವೊಂದು ಮಾತು ಹೇಳಿ" ಎಂದರು. ಆ ಸಂಜೆ ನಾವು ಹೌದೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಎರಡು ದಿನದ ಅವಕಾಶವನ್ನು ಬೇಡಿ ಲೆಕ್ಕ ಮಾಡಿದೆವು. ಅವರ ಸ್ಥಿತಿಯಲ್ಲಿರುವ ಇತರ ತಂದೆತಾಯಿಗಳಿಗೂ ಉಪಯೋಗವಾದೀತೆಂದು ಆ ಲೆಕ್ಕವನ್ನು ಇಲ್ಲಿ ಬಿಡಿಸಿ ಇಡುತ್ತಿದ್ದೇವೆ.

ಸಾಲ ಬೆಳೆಯುವ ಬಗೆ

ನಮ್ಮ ದೇಶದ ಬ್ಯಾಂಕುಗಳ ವಿದ್ಯಾಭ್ಯಾಸದ ಸಾಲವು 2001ರಿಂದೀಚೆಗೆ ಬ್ಯಾಂಕುಗಳ ಸಂಘವು ರಚಿಸಿದ ಒಂದು ಮಾದರಿ ಯೋಜನೆಯನ್ನು ಅನುಸರಿಸಿ ನಡೆಯುತ್ತಿದೆ. ನಾಲ್ಕು ಲಕ್ಷ ರೂಪಾಯಿಗಳವರೆಗೆ ಅಡಮಾನ ಬೇಕಿಲ್ಲ; ತಂದೆ ಅಥವಾ ತಾಯಿ ಜೊತೆ ಸಾಲಗಾರರಾಗಿ ರುಜು ಹಾಕಿದರೆ ಸಾಕು. ಓದು ಮುಗಿದು ಒಂದು ವರ್ಷ ಕಳೆಯುವವರೆಗೆ ಕಂತು ಕಟ್ಟಬೇಕಾದುದಿಲ್ಲ. ಈ ಕಡೆಯ ಷರತ್ತೇ ಬಹು ಜನರನ್ನು ಮೋಹಗೊಳಿಸುವುದು. ಕಂತು ನಿಂತಿರುವುದು ನಿಜ. ಆದರೆ ಬಡ್ಡಿ ನಿಂತಿರುವುದಿಲ್ಲ. ಅದು ಸರಳ ಬಡ್ಡಿಯಾಗಿ ಪ್ರತಿದಿನವೂ ಏರುತ್ತ ಹೋಗಿ, ಕಂತು ಆರಂಭವಾಗುವ ದಿನ ಅಸಲಿನೊಳಗೆ ಸೇರಿಬಿಡುತ್ತದೆ. ಅಲ್ಲಿಂದ ಮುಂದೆ ಬಡ್ಡಿಗೂ ಬಡ್ಡಿ.

ನಮ್ಮ ಸ್ನೇಹಿತರ ಸಂಗತಿಯನ್ನೇ ತೆಗೆದುಕೊಳ್ಳೋಣ. ವರ್ಷದ ಆದಿಯಲ್ಲಿ 80,000 ರೂಪಾಯಿಗಳಂತೆ ಐದು ವರ್ಷ ಹಣ ಪಡೆದರೆ ಅಸಲು 4,00,000. ಬಡ್ಡಿ ಶೇಕಡ 10 ಎಂದಿಟ್ಟುಕೊಂಡರೆ ಮೊದಲನೆಯ ವರ್ಷ 8,000, ಎರಡನೆಯ ವರ್ಷ 16,000, ಹೀಗೆ ಏರುತ್ತ ಐದನೆಯ ಮತ್ತು ಆರನೆಯ ವರ್ಷಗಳಲ್ಲಿ 40,000ದಂತೆ ಒಟ್ಟು 1,60,000 ರೂಪಾಯಿ ಬಡ್ಡಿಯಾಗುತ್ತದೆ. ಮೊದಲ ಕಂತಿನ ದಿನ ಹುಡುಗಿಯ ಹೆಸರಿನಲ್ಲಿರುವ ಸಾಲ 5,60,000 ರೂಪಾಯಿ. ಇದನ್ನು ಹತ್ತು ವರ್ಷಗಳಲ್ಲಿ ತೀರಿಸುವುದಾದರೆ ತಿಂಗಳಿಗೆ ಸುಮಾರು 7,400 ರೂಪಾಯಿ ಕಟ್ಟಬೇಕು. ಹತ್ತು ವರ್ಷಕ್ಕೆ 8,88,000 ರೂಪಾಯಿಗಳಾದವು. ಕಂತು ಹಗುರವಾಗಲೆಂದು ಹದಿನೈದು ವರ್ಷದ ಅವಧಿಯನ್ನು ಕೇಳಿಕೊಂಡರೆ ತಿಂಗಳಿಗೆ 6,018 ರೂಪಾಯಿಗೆ ಇಳಿಯುತ್ತದೆ. ಆದರೆ ಒಟ್ಟು ಕಟ್ಟಿದ ಹಣ 10,83,000 ರೂಪಾಯಿಗಳನ್ನು ಮೀರುತ್ತದೆ. ತಿಂಗಳಿಗೆ 1,400 ರೂಪಾಯಿಗಳ ಉಸಿರಾಟಕ್ಕಾಗಿ ಸುಮಾರು ಎರಡು ಲಕ್ಷ ರೂಪಾಯಿಗಳ ಹೆಚ್ಚಿನ ತೆರಿಗೆ ತೆತ್ತಂತಾಯಿತು.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಆರು ವರ್ಷಗಳ ತರುವಾಯ ಕಂತು ಆರಂಭವಾಗುವ ಹೊತ್ತಿಗೆ ತಂದೆಯೂ ನಿವೃತ್ತರಾಗಿರುತ್ತಾರೆ. ಮಗಳಿಗೆ ಕೆಲಸ ಸಿಕ್ಕುವುದು ತಡವಾದರೆ ಬ್ಯಾಂಕಿನವರ ಪತ್ರ ಬರುವುದು ಜೊತೆಗೆ ರುಜು ಹಾಕಿದವರ ವಿಳಾಸಕ್ಕೆ. ಅಡಮಾನವಿಲ್ಲದ ಸಾಲವೆಂದರೆ ಹೊಣೆಯಿಲ್ಲದ ಸಾಲವೆಂದು ಯಾರೂ ಭಾವಿಸತಕ್ಕದ್ದಲ್ಲ.

ಸಂಪಾದನೆಯ ಕಡೆ

ಇನ್ನು ತಕ್ಕಡಿಯ ಮತ್ತೊಂದು ತಟ್ಟೆಯನ್ನು ನೋಡೋಣ. ರಸಾಯನ ಶಾಸ್ತ್ರವನ್ನು ಓದಿದವರಿಗೆ ಕೆಲಸವೇ ಇಲ್ಲವೆಂಬ ಮಾತು ಸುಳ್ಳು. ಜಿಗಣಿ, ಬೊಮ್ಮಸಂದ್ರ, ನಂಜನಗೂಡು, ಬೀದರಿನ ಕೊಳಾರ, ಯಾದಗಿರಿ ಜಿಲ್ಲೆಯ ಕಡೇಚೂರು, ಮಂಗಳೂರಿನ ಬೈಕಂಪಾಡಿ ಮೊದಲಾದ ಕೈಗಾರಿಕಾ ಪ್ರದೇಶಗಳಲ್ಲಿ ಔಷಧ, ಬಣ್ಣ, ಗೊಬ್ಬರ, ಆಹಾರ ಪದಾರ್ಥಗಳ ತಯಾರಿಕೆಯಾಗಲಿ ಪರೀಕ್ಷೆಯಾಗಲಿ ನಡೆಯುವಲ್ಲೆಲ್ಲ ರಸಾಯನಜ್ಞರು ಬೇಕು. ನೆರೆಯ ಹೈದರಾಬಾದು ಮತ್ತು ವಿಶಾಖಪಟ್ಟಣಗಳ ಔಷಧ ಕಾರ್ಖಾನೆಗಳಿಗೂ ನಮ್ಮ ತರುಣರು ಹೋಗುತ್ತಾರೆ. ಆದುದರಿಂದ ಕೆಲಸ ಸಿಕ್ಕೀತೇ ಎಂದು ಕೇಳುವುದಕ್ಕಿಂತ, ಮೊದಲ ವರ್ಷಗಳ ಸಂಬಳವು ಕಂತನ್ನು ಹೊತ್ತೀತೇ ಎಂದು ಕೇಳುವುದೇ ಸರಿಯಾದುದು.

ಊರಿಂದ ಊರಿಗೆ, ಕಾರ್ಖಾನೆಯಿಂದ ಕಾರ್ಖಾನೆಗೆ ಸಂಬಳ ಬೇರೆಯಾಗುತ್ತದೆ. ಲೆಕ್ಕಕ್ಕಾಗಿ ಹೊಸದಾಗಿ ಸೇರಿದ ಬಿ.ಎಸ್ಸಿ. ಪದವೀಧರರಿಗೆ ತಿಂಗಳಿಗೆ 18,000, ಎಂ.ಎಸ್ಸಿ.ಯವರಿಗೆ 25,000 ಎಂದಿಟ್ಟುಕೊಳ್ಳೋಣ. ಓದುಗರು ತಮ್ಮ ಊರಿನಲ್ಲಿ ವಿಚಾರಿಸಿ ತಿಳಿದ ಅಂಕಿಯನ್ನು ಇದರ ಸ್ಥಾನದಲ್ಲಿ ಹಾಕಿಕೊಳ್ಳಬಹುದು. 25,000 ರೂಪಾಯಿಗಳಲ್ಲಿ 7,400 ಕಂತಿಗೆ ಹೋದರೆ ಸುಮಾರು ಶೇಕಡ 30 ಭಾಗ ಕೈಬಿಟ್ಟಿತು. ಭವಿಷ್ಯ ನಿಧಿಯ ಕಡಿತ, ಬಾಡಿಗೆ, ಊಟ, ಬಸ್ಸಿನ ಖರ್ಚುಗಳನ್ನು ಕಳೆದ ಮೇಲೆ ಊರಿಗೆ ಕಳುಹಿಸಲು ಉಳಿಯುವುದು ಅತ್ಯಲ್ಪ. ಒಂದು ತಿಂಗಳು ಜ್ವರ ಬಂದು ಸಂಬಳ ಕಡಿತವಾದರೂ ಕಂತು ತಪ್ಪುತ್ತದೆ. ಕಂತು ತಪ್ಪಿದರೆ ಸಾಲದ ಚರಿತ್ರೆಯ ಕಡತದಲ್ಲಿ ಕಪ್ಪು ಗುರುತು ಬೀಳುತ್ತದೆ. ಮುಂದೆ ಮನೆ ಕಟ್ಟಲು ಸಾಲ ಕೇಳಿದಾಗ ಆ ಗುರುತು ಎದುರು ಬರುತ್ತದೆ.

ಬಿ.ಎಸ್ಸಿ.ಗೇ ನಿಲ್ಲಿಸಿದರೆ ಹೇಗೆ? ಮೂರು ವರ್ಷಕ್ಕೆ ಅಸಲು 2,40,000. ಕಂತಿನ ದಿನಕ್ಕೆ ಬಡ್ಡಿ ಸೇರಿ 3,12,000. ಹತ್ತು ವರ್ಷದ ಕಂತು ತಿಂಗಳಿಗೆ 4,123 ರೂಪಾಯಿ. ಕಂತು ಕಳೆದು ಕೈಯಲ್ಲಿ ಉಳಿಯುವುದು ಬಿ.ಎಸ್ಸಿ.ಯವಳಿಗೆ 13,877, ಎಂ.ಎಸ್ಸಿ.ಯವಳಿಗೆ 17,600. ಎರಡು ವರ್ಷಗಳ ಹೆಚ್ಚಿನ ಓದಿನ ಫಲ ತಿಂಗಳಿಗೆ 3,723 ರೂಪಾಯಿ. ಆದರೆ ಆ ಎರಡು ವರ್ಷ ಕೆಲಸಕ್ಕೆ ಹೋಗಿದ್ದರೆ 4,32,000 ರೂಪಾಯಿ ಸಂಬಳ ಬರುತ್ತಿತ್ತು. ಜೀವನದ ಖರ್ಚಿಗೆ ಅರ್ಧವನ್ನು ಬಿಟ್ಟರೂ ಎರಡು ಲಕ್ಷದ ಮೇಲೆ ಕೈಗೆ ಹತ್ತುತ್ತಿತ್ತು. ಈ ನಷ್ಟವನ್ನು ತುಂಬಿಕೊಳ್ಳಲು, ಸ್ಥೂಲವಾಗಿ ಹೇಳುವುದಾದರೆ, ಐದು ವರ್ಷ ಹಿಡಿಯುತ್ತದೆ. ಅಂದರೆ ಎಂ.ಎಸ್ಸಿ.ಯು ಹಣದ ದೃಷ್ಟಿಯಿಂದ ಒಡನೆ ಲಾಭ ತರುವ ವಸ್ತುವಲ್ಲ. ಸಂಶೋಧನೆ, ಅಧ್ಯಾಪನ, ಉನ್ನತ ಪ್ರಯೋಗಶಾಲೆಗಳ ಬಾಗಿಲನ್ನು ತೆರೆಯುವ ಕೀಲಿಯೆಂದು ಅದನ್ನು ಎಣಿಸಬೇಕು. ಆ ಬಾಗಿಲೊಳಗೆ ಹೋಗುವ ಇಚ್ಛೆಯಿಲ್ಲದವರು ಕೀಲಿಗಾಗಿ ಸಾಲ ಮಾಡುವುದರಲ್ಲಿ ಅರ್ಥವಿಲ್ಲ.

ಮೊದಲ ಮೂರು ವರ್ಷ

ರಸಾಯನ ಪದವಿಯ ಬೆಲೆ ಬೆಳೆಯುವುದು ನಿಧಾನವಾಗಿ. ಇದಕ್ಕೆ ಕಾಯಿದೆಯಲ್ಲಿಯೇ ಸಾಕ್ಷ್ಯವಿದೆ. 1945ರ ಔಷಧ ನಿಯಮಗಳ ಪ್ರಕಾರ ಔಷಧ ತಯಾರಿಕೆಯ ಮೇಲ್ವಿಚಾರಣೆಗೆ ಅರ್ಹರಾದವರಲ್ಲಿ ಔಷಧ ವಿಜ್ಞಾನದ ಪದವೀಧರರಂತೆಯೇ ರಸಾಯನ ಶಾಸ್ತ್ರವನ್ನು ಮುಖ್ಯ ವಿಷಯವಾಗಿ ಓದಿದ ವಿಜ್ಞಾನ ಪದವೀಧರರೂ ಸೇರಿದ್ದಾರೆ. ಆದರೆ ಅವರಿಗೆ 18 ತಿಂಗಳ ಅನುಭವ ಸಾಕಾದರೆ, ನಮ್ಮ ಬಿ.ಎಸ್ಸಿ.ಯವರಿಗೆ ಮೂರು ವರ್ಷದ ಅನುಭವ ಬೇಕು. ಕಾರ್ಖಾನೆಯ ಬಾಗಿಲಲ್ಲಿ ಪದವಿಯ ಕಾಗದ ಅರ್ಧ ಯೋಗ್ಯತೆ. ಉಳಿದರ್ಧವನ್ನು ಕೈಯಿಂದ ಸಂಪಾದಿಸಬೇಕು. ಆ ಮೂರು ವರ್ಷ ಸಂಬಳ ಕಡಮೆ, ಪಾಳಿಯ ಕೆಲಸ ಹೆಚ್ಚು. ಆ ಬಳಿಕ ಬೇಡಿಕೆ ಬರುತ್ತದೆ.

ಮಾವಿನ ಸಸಿ ನೆಟ್ಟವನಿಗೆ ಮೊದಲ ವರ್ಷಗಳಲ್ಲಿ ನೀರು ಹೊರುವ ಕೆಲಸವೇ ಹೊರತು ಹಣ್ಣಿಲ್ಲ. ಅಂಥ ಸಸಿಗೆ ಸಾಲ ಕೊಟ್ಟವನು ಎರಡನೆಯ ವರ್ಷವೇ ಹಣ್ಣಿನ ಪಾಲು ಕೇಳಿದರೆ ರೈತನು ಮರವನ್ನೇ ಕಡಿದು ಮಾರಬೇಕಾದೀತು. ರಸಾಯನ ಪದವೀಧರರ ಸಂಕಟ ಇದೇ. ಕಲಿಯುವ ಕಾಲದಲ್ಲಿ ಕಂತಿನ ಒತ್ತಡ ಹೆಚ್ಚಾದರೆ ತರುಣರು ಪ್ರಯೋಗಶಾಲೆಯನ್ನು ಬಿಟ್ಟು ಎರಡು ಸಾವಿರ ಹೆಚ್ಚು ಕೊಡುವ ಯಾವುದಾದರೂ ಕೆಲಸಕ್ಕೆ ಹೋಗುತ್ತಾರೆ. ಐದು ವರ್ಷದ ವಿದ್ಯೆ ಅಲ್ಲಿಗೆ ಮುಗಿಯಿತು, ಸಾಲ ಮಾತ್ರ ಮುಗಿಯಲಿಲ್ಲ.

ಆದುದರಿಂದ ನಾವು ಒಂದು ಸೂತ್ರವನ್ನು ಮುಂದಿಡುತ್ತೇವೆ. ತಿಂಗಳ ಕಂತು ಮೊದಲ ಸಂಬಳದ ಐದನೆಯ ಒಂದು ಪಾಲನ್ನು ಮೀರಬಾರದು. 25,000 ಸಂಬಳಕ್ಕೆ 5,000 ಕಂತು. ಹತ್ತು ವರ್ಷದ ಅವಧಿಗೆ ಇದರಿಂದ ಹೊರಬಲ್ಲ ಸಾಲ ಕಂತಿನ ದಿನಕ್ಕೆ 3,78,000. ಓದಿನ ಕಾಲದ ಬಡ್ಡಿಯನ್ನು ಕಳೆದರೆ ಅಸಲು ಸುಮಾರು 2,70,000. ಬಿ.ಎಸ್ಸಿ.ಯವರ 18,000 ಸಂಬಳಕ್ಕೆ ಇದೇ ರೀತಿ ಲೆಕ್ಕ ಹಾಕಿದರೆ ಅಸಲು ಸುಮಾರು 2,10,000. ಎರಡೂ ಒಂದು ವರ್ಷದ ಸಂಬಳಕ್ಕಿಂತ ಸ್ವಲ್ಪ ಕಡಮೆ. ಅಂದಮೇಲೆ ನೆನಪಿನಲ್ಲಿಡಲು ಸುಲಭವಾದ ಮಾತೆಂದರೆ: ಇಡೀ ಓದಿಗೆ ಮಾಡುವ ಸಾಲದ ಅಸಲು ಮೊದಲನೆಯ ವರ್ಷದ ಸಂಬಳವನ್ನು ದಾಟಕೂಡದು. ನಮ್ಮ ಸ್ನೇಹಿತರ ನಾಲ್ಕು ಲಕ್ಷ ಈ ಗೆರೆಯಿಂದ ಒಂದು ಲಕ್ಷ ಆಚೆಗಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚೆಂಬ ಹಳೆಯ ಗಾದೆಗೆ ಅಂಕಗಣಿತದ ಆಧಾರ ಇಲ್ಲಿ ದೊರೆಯುತ್ತದೆ.

ಬಣ್ಣದ ಪತ್ರಿಕೆ ಹೇಳದ ಮಾತು

ಕಾಲೇಜಿನ ಕಟ್ಟಡದ ಚಿತ್ರವನ್ನು ನೋಡಿ ಹಣ ಕಟ್ಟುವವರು ಪ್ರಯೋಗಶಾಲೆಯ ಒಳಗೆ ಒಮ್ಮೆ ಹೋಗಿ ನೋಡುವುದು ಒಳ್ಳೆಯದು. ಇಂದಿನ ಔಷಧ ಪರೀಕ್ಷಾಲಯದಲ್ಲಿ ದಿನನಿತ್ಯದ ಆಯುಧವೆಂದರೆ ಎಚ್.ಪಿ.ಎಲ್.ಸಿ. ಎಂಬ ಯಂತ್ರ. ಕರಗಿಸಿದ ಮಾದರಿಯನ್ನು ಅಧಿಕ ಒತ್ತಡದಿಂದ ಸೂಕ್ಷ್ಮ ಕಣಗಳು ತುಂಬಿದ ಕೊಳವೆಯ ಮೂಲಕ ಹಾಯಿಸಿದಾಗ ಅದರ ಒಂದೊಂದು ಘಟಕವೂ ಒಂದೊಂದು ಹೊತ್ತಿಗೆ ಬೇರೆಯಾಗಿ ಹೊರಬರುತ್ತದೆ. ಮಾತ್ರೆಯಲ್ಲಿ ಔಷಧವೆಷ್ಟು, ಕಲ್ಮಷವೆಷ್ಟು ಎಂಬುದು ಹೀಗೆ ತಿಳಿಯುತ್ತದೆ. ಲವಣ ವಿಶ್ಲೇಷಣೆ, ಬ್ಯೂರೆಟ್ಟು ಪಿಪೆಟ್ಟುಗಳ ಅಭ್ಯಾಸವಷ್ಟನ್ನೇ ಮಾಡಿ ಬಂದ ಪದವೀಧರನನ್ನು ಕಾರ್ಖಾನೆಯವರು ಮೊದಲಿನಿಂದ ಕಲಿಸಬೇಕು. ಕಲಿಸುವ ಕಾಲಕ್ಕೆ ಕಡಮೆ ಸಂಬಳ ಕೊಡುತ್ತಾರೆ. ಯಂತ್ರವನ್ನು ಕೈಯಾರೆ ನಡೆಸಿದವನು ಮೊದಲ ದಿನವೇ ಎರಡು ಮೆಟ್ಟಲು ಮೇಲಿರುತ್ತಾನೆ. ಕೈ ಕೆಸರಾದರೆ ಬಾಯಿ ಮೊಸರೆಂಬುದು ಹೊಲಕ್ಕೆಷ್ಟೋ ಪ್ರಯೋಗಶಾಲೆಗೂ ಅಷ್ಟೇ ಸಲ್ಲುತ್ತದೆ.

ಆದುದರಿಂದ ಕೇಳಬೇಕಾದ ಪ್ರಶ್ನೆಗಳು ಇವು: ಯಂತ್ರವಿದೆಯೇ, ಇದ್ದರೆ ವಿದ್ಯಾರ್ಥಿಗಳು ಅದನ್ನು ಮುಟ್ಟುತ್ತಾರೆಯೇ ಅಥವಾ ಗಾಜಿನ ಬಾಗಿಲಿನ ಆಚೆ ನಿಂತು ನೋಡುತ್ತಾರೆಯೇ? ವಾರಕ್ಕೆ ಎಷ್ಟು ಗಂಟೆ ಪ್ರಯೋಗ? ಅಧ್ಯಾಪಕರಲ್ಲಿ ಖಾಯಂ ಆದವರೆಷ್ಟು ಮಂದಿ? ಕಳೆದ ಮೂರು ವರ್ಷ ಪದವಿ ಪಡೆದವರು ಎಲ್ಲಿದ್ದಾರೆ, ಅವರ ಮೊದಲ ಸಂಬಳವೇನು? ಉತ್ತರ ಕೊಡಲು ಹಿಂಜರಿಯುವ ಸಂಸ್ಥೆಗೆ ನಾಲ್ಕು ಲಕ್ಷ ಸಾಲ ಮಾಡಿ ಕೊಡುವುದು ವಿವೇಕವಲ್ಲ. ಅದೇ ಜಿಲ್ಲೆಯ ಸರ್ಕಾರಿ ಕಾಲೇಜಿನಲ್ಲಿ ಊಟ ವಸತಿಯೂ ಸೇರಿ ವರ್ಷಕ್ಕೆ 30,000ದಲ್ಲಿ ಓದು ಸಾಗುವುದಾದರೆ, ಅಷ್ಟನ್ನೂ ಸಾಲವಾಗಿಯೇ ತೆಗೆದರೂ ಕಂತು 2,775 ರೂಪಾಯಿಗಳನ್ನು ಮೀರದು. ಇದು ಸಂಬಳದ ಒಂಬತ್ತನೆಯ ಒಂದು ಪಾಲು ಮಾತ್ರ.

ಸಾಲಕ್ಕೆ ಮೊದಲು ನೋಡಬೇಕಾದ ಹಣ

ವಿಜ್ಞಾನದ ವಿದ್ಯಾರ್ಥಿಗಳಿಗೆಂದೇ ಇರುವ ವಿದ್ಯಾರ್ಥಿವೇತನಗಳನ್ನು ತಿಳಿಯದೆ ಬ್ಯಾಂಕಿನ ಬಾಗಿಲಿಗೆ ಹೋಗುವವರು ಅನೇಕರು. ಕೇಂದ್ರ ಸರ್ಕಾರದವರು 2008ರಲ್ಲಿ ಆರಂಭಿಸಿದ ಇನ್‌ಸ್ಪೈರ್ ಯೋಜನೆಯಲ್ಲಿ ಹನ್ನೆರಡನೆಯ ತರಗತಿಯ ಪರೀಕ್ಷೆಯಲ್ಲಿ ತಮ್ಮ ಮಂಡಳಿಯ ಮೇಲಿನ ಶೇಕಡ ಒಂದರೊಳಗೆ ಬಂದು ಮೂಲ ವಿಜ್ಞಾನ ಓದುವವರಿಗೆ ವರ್ಷಕ್ಕೆ 80,000 ರೂಪಾಯಿ ನಿಗದಿಯಾಗಿದೆ. ಅದರಲ್ಲಿ 60,000 ನಗದು, 20,000 ಬೇಸಗೆಯ ಸಂಶೋಧನಾ ಕಾರ್ಯಕ್ಕೆ. ಬಿ.ಎಸ್ಸಿ.ಯಿಂದ ಎಂ.ಎಸ್ಸಿ.ಯವರೆಗೆ ಐದು ವರ್ಷ ದೊರೆತರೆ ಒಟ್ಟು ನಾಲ್ಕು ಲಕ್ಷ. ನಮ್ಮ ಸ್ನೇಹಿತರು ಸಾಲವಾಗಿ ತರಹೊರಟ ಮೊತ್ತವೂ ಅದೇ! ಅಷ್ಟು ಅಂಕ ಬಾರದವರಿಗೆ ರಾಜ್ಯದ ರೈತ ವಿದ್ಯಾನಿಧಿ, ಹಾಸ್ಟೆಲು ಸಿಕ್ಕದವರಿಗೆ ತಿಂಗಳಿಗೆ 1,500ರಂತೆ ಹತ್ತು ತಿಂಗಳು ಕೊಡುವ ವಿದ್ಯಾಸಿರಿ ಮೊದಲಾದವು ಉಂಟು. ಒಂದೊಂದೂ ಸಣ್ಣದಾದರೂ ಸಾಲದ ಗಾತ್ರವನ್ನು ಕುಗ್ಗಿಸುತ್ತದೆ.

ಎಂ.ಎಸ್ಸಿ. ಮುಗಿಸಿ ಸಂಶೋಧನೆಯ ಕಡೆ ಮನಸ್ಸುಳ್ಳವರಿಗೆ ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ಮೂಲಕ ದೊರೆಯುವ ಫೆಲೋಶಿಪ್ಪು 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000, ಆ ಬಳಿಕ 42,000 ರೂಪಾಯಿ. ಮೊದಲ ಎರಡು ವರ್ಷದ ಮೊತ್ತ 8,88,000 ರೂಪಾಯಿ. ಮೇಲೆ ಹೇಳಿದ ಸಾಲಕ್ಕೆ ಹತ್ತು ವರ್ಷ ಕಟ್ಟಬೇಕಾದ ಹಣಕ್ಕೆ ಇದು ಸರಿಸಮ. ಐದು ವರ್ಷಕ್ಕೆ 24 ಲಕ್ಷ. ಆದರೆ ಈ ಪರೀಕ್ಷೆಯಲ್ಲಿ ಗೆಲ್ಲುವವರು ಕೆಲವರೇ. ಫೆಲೋಶಿಪ್ಪಿನ ಹಣ ತಿಂಗಳುಗಟ್ಟಲೆ ತಡವಾಗಿ ಬಂದ ದೂರುಗಳೂ ದೇಶದಲ್ಲಿ ಕೇಳಿಬಂದಿವೆ. ಗೆದ್ದೇ ಗೆಲ್ಲುವೆನೆಂದು ನಂಬಿ ಸಾಲ ಮಾಡುವುದು ಬಾರದ ಮಳೆಗೆ ಬಿತ್ತಿದಂತೆ.

ಹೇಗೂ ಸಾಲ ಅನಿವಾರ್ಯವಾದರೆ ಒಂದು ಉಪಾಯವುಂಟು. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕಿನ ಸಂಸ್ಥಾಪಕರು ದಿನಕ್ಕೆ ಎರಡಾಣೆಯಂತೆ ಮನೆಮನೆಯಿಂದ ಹಣ ಸಂಗ್ರಹಿಸುವ ಪಿಗ್ಮಿ ಠೇವಣಿಯನ್ನು ಆರಂಭಿಸಿದುದು ನಮ್ಮ ನಾಡಿನವರಿಗೆ ತಿಳಿದೇ ಇದೆ. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತಾದರೂ ಅದು ಕಲಿಸಿದ ಪಾಠ ಅಳಿದಿಲ್ಲ. ನಾಲ್ಕು ಲಕ್ಷದ ಸಾಲಕ್ಕೆ ಮೊದಲ ವರ್ಷದ ಬಡ್ಡಿ 8,000, ಅಂದರೆ ದಿನಕ್ಕೆ 22 ರೂಪಾಯಿ. ಐದನೆಯ ವರ್ಷ ದಿನಕ್ಕೆ 110 ರೂಪಾಯಿ. ತಂದೆಗೆ ಸಂಬಳವಿರುವಾಗಲೇ ಈ ಬಡ್ಡಿಯನ್ನು ಆಗಿಂದಾಗ್ಗೆ ಕಟ್ಟುತ್ತ ಬಂದರೆ ಕಂತಿನ ದಿನ ಸಾಲ ನಾಲ್ಕು ಲಕ್ಷದಲ್ಲೇ ನಿಲ್ಲುತ್ತದೆ; ತಿಂಗಳ ಕಂತು 7,400ರಿಂದ 5,286ಕ್ಕೆ ಇಳಿಯುತ್ತದೆ; ಕಟ್ಟಿದ ಬಡ್ಡಿಯನ್ನು ಸೇರಿಸಿಕೊಂಡರೂ ಒಟ್ಟಿನಲ್ಲಿ 93,000 ರೂಪಾಯಿಗಳಿಗೆ ಮೇಲ್ಪಟ್ಟು ಉಳಿಯುತ್ತದೆ. ಹೀಗೆ ಕಟ್ಟುವವರಿಗೆ ಬಡ್ಡಿಯಲ್ಲಿ ಶೇಕಡ ಒಂದರಷ್ಟು, ಹೆಣ್ಣುಮಕ್ಕಳಿಗೆ ಅರ್ಧದಷ್ಟು ರಿಯಾಯಿತಿ ಕೊಡುವ ಬ್ಯಾಂಕುಗಳೂ ಉಂಟು. ಕೇಳಿದವರಿಗೆ ಮಾತ್ರ ಇದು ದೊರೆಯುತ್ತದೆ.

ಹಿಂದಿನವರು ಯಾರ ಹಣದಿಂದ ಓದಿದರು?

ನಮ್ಮ ಹಿರಿಯರು ಸಾಲವಿಲ್ಲದೆ ಓದಿದರೆಂದು ಹೆಮ್ಮೆಪಡುವವರುಂಟು. ಅವರ ಓದಿಗೆ ವೆಚ್ಚವಾಗಲಿಲ್ಲವೆಂದಲ್ಲ; ಆ ವೆಚ್ಚವನ್ನು ಸಮಾಜವು ಹಂಚಿಕೊಂಡಿತು. ವಾರಾನ್ನದ ಹುಡುಗನಿಗೆ ಏಳು ಮನೆಗಳವರು ಊಟ ಹಾಕಿದರು. ತುಮಕೂರಿನ ಸಿದ್ಧಗಂಗೆಯಂಥ ಮಠಗಳು ಅನ್ನ, ವಸತಿ ನೀಡಿದವು. 1916ರಲ್ಲಿ ಬೆಳಗಾವಿಯ ಏಳು ಮಂದಿ ಶಿಕ್ಷಕರು ಸೇರಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು.

ರಸಾಯನ ಶಾಸ್ತ್ರದ ಚರಿತ್ರೆಯಲ್ಲಿಯೂ ಇದೇ ಮಾತು. ಆಚಾರ್ಯ ಪ್ರಫುಲ್ಲಚಂದ್ರ ರಾಯರ ತಂದೆಯವರ ಆಸ್ತಿ ಸಾಲದಲ್ಲಿ ಕರಗುತ್ತಿದ್ದಿತು. 1882ರಲ್ಲಿ ಗಿಲ್‌ಕ್ರಿಸ್ಟ್ ವಿದ್ಯಾರ್ಥಿವೇತನ ದೊರೆತುದರಿಂದಲೇ ಅವರು ಎಡಿನ್‌ಬರೋಗೆ ಹೋಗಿ 1887ರಲ್ಲಿ ಡಾಕ್ಟರ್ ಪದವಿ ಪಡೆದರು. ಹಿಂದಿರುಗಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ತಿಂಗಳಿಗೆ 250 ರೂಪಾಯಿಗಳ ಹಂಗಾಮಿ ಅಧ್ಯಾಪಕರಾದವರು 1892ರಲ್ಲಿ 700 ರೂಪಾಯಿಗಳ ಬಂಡವಾಳದಿಂದ ಔಷಧ ತಯಾರಿಕೆಯನ್ನು ಆರಂಭಿಸಿದರು. ಅದೇ ಮುಂದೆ ಬೆಂಗಾಲ್ ಕೆಮಿಕಲ್ಸ್ ಆಯಿತು. ತಿಂಗಳ ಸಂಬಳದ ಮೇಲೆ ಬ್ಯಾಂಕಿನ ಕಂತಿನ ಭಾರವಿದ್ದಿದ್ದರೆ ಆ ಸಾಹಸ ಸಾಧ್ಯವಾಗುತ್ತಿತ್ತೇ ಎಂದು ಓದುಗರೇ ಯೋಚಿಸಲಿ.

ನಮ್ಮ ಮೈಸೂರಿನ ಉದಾಹರಣೆ ಇನ್ನೂ ಸಮೀಪದ್ದು. ಮೊದಲನೆಯ ಮಹಾಯುದ್ಧದ ಮುನ್ನ ನಮ್ಮ ಗಂಧದ ಮರ ಹರಾಜಾಗಿ, ಎಣ್ಣೆ ತೆಗೆಯಲು ಜರ್ಮನಿಗೆ ಹೋಗುತ್ತಿದ್ದಿತು. 1914ರಲ್ಲಿ ಯುದ್ಧ ಬಂದು ಆ ದಾರಿ ಮುಚ್ಚಿದಾಗ ಬೆಂಗಳೂರಿನ ಟಾಟಾ ವಿಜ್ಞಾನ ಮಂದಿರದ ರಸಾಯನಜ್ಞರು ಇಲ್ಲಿಯೇ ಎಣ್ಣೆ ಬಟ್ಟಿಯಿಳಿಸುವ ಕ್ರಮವನ್ನು ಸಾಧಿಸಿದರು. 1916ರಲ್ಲಿ ಸರ್ಕಾರದ ಕಾರ್ಖಾನೆ ಹುಟ್ಟಿತು. ಸಾಬೂನಿನ ವಿದ್ಯೆಯನ್ನು ಕಲಿಯಲು ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳುಹಿಸಿದುದು ಸಂಸ್ಥಾನ. ಅವರು ಕಲಿತು ತಂದ ವಿದ್ಯೆಯಿಂದ ಮೈಸೂರು ಸ್ಯಾಂಡಲ್ ಸೋಪು ಹುಟ್ಟಿತು. ಒಬ್ಬ ರಸಾಯನಜ್ಞರ ಶಿಕ್ಷಣಕ್ಕೆ ಮಾಡಿದ ವೆಚ್ಚವು ನೂರು ವರ್ಷ ಕಳೆದರೂ ನಾಡಿಗೆ ವರಮಾನವಾಗಿ ಹಿಂದಿರುಗುತ್ತಿದೆ. ಇದಕ್ಕಿಂತ ಒಳ್ಳೆಯ ಬಡ್ಡಿ ಯಾವ ಬ್ಯಾಂಕಿನಲ್ಲಿ ದೊರೆತೀತು?

ಸರ್ಕಾರದವರಿಗೆ ನಮ್ಮ ಮಾತು

ಇಂದಿನ ನೀತಿಯಲ್ಲಿ ಒಂದು ವಿಚಿತ್ರವಿದೆ. ಬಡ ವಿದ್ಯಾರ್ಥಿಗಳ ಓದಿನ ಕಾಲದ ಬಡ್ಡಿಯನ್ನು ತಾನೇ ಭರಿಸುವ ಯೋಜನೆಯನ್ನು ಕೇಂದ್ರ ಸರ್ಕಾರ 2009ರಲ್ಲಿ ತಂದಿತು. ಆದರೆ ಅದು ವೃತ್ತಿಪರ ಹಾಗೂ ತಾಂತ್ರಿಕ ಶಿಕ್ಷಣಕ್ಕೆ ಮೀಸಲು. ಎಂಜಿನಿಯರಿಂಗ್ ಓದುವ ಬಡವನ ಬಡ್ಡಿಯನ್ನು ಸರ್ಕಾರ ಕಟ್ಟುತ್ತದೆ. ರಸಾಯನ ಶಾಸ್ತ್ರ ಓದುವ ಬಡವನು ತಾನೇ ಕಟ್ಟಬೇಕು. 2024ರ ನವೆಂಬರಿನಲ್ಲಿ ಮಂಜೂರಾದ ವಿದ್ಯಾಲಕ್ಷ್ಮಿ ಯೋಜನೆಯು ವಿಷಯಭೇದವನ್ನು ಬಿಟ್ಟಿದೆಯಾದರೂ ಉನ್ನತ ಶ್ರೇಣಿಯ ಸಂಸ್ಥೆಗಳಿಗೆ ಸೀಮಿತವಾಗಿದೆ. ತಾಲ್ಲೂಕು ಕೇಂದ್ರದ ಪದವಿ ಕಾಲೇಜಿನ ಹುಡುಗಿಗೆ ಅದರಿಂದ ಪ್ರಯೋಜನವಿಲ್ಲ. ವರಮಾನ ತೆರಿಗೆಯಲ್ಲಿ ಬಡ್ಡಿಗೆ ಕೊಡುವ ರಿಯಾಯಿತಿಯೂ ಹಾಗೆಯೇ. ತಿಂಗಳಿಗೆ 25,000 ಸಂಪಾದಿಸುವವರು ತೆರಿಗೆಯನ್ನೇ ಕಟ್ಟುವುದಿಲ್ಲ. ಇಲ್ಲದ ತೆರಿಗೆಗೆ ರಿಯಾಯಿತಿ ಏತಕ್ಕೆ?

ಔಷಧದ ಮೂಲದ್ರವ್ಯಗಳಿಗಾಗಿ ದೇಶವು ಚೀನಾದ ಮೇಲೆ ಬಹುವಾಗಿ ಅವಲಂಬಿಸಿದೆ. ಅದನ್ನು ತಪ್ಪಿಸಲೆಂದು 2020ರಲ್ಲಿ ಕಾರ್ಖಾನೆಗಳ ಪ್ರೋತ್ಸಾಹಕ್ಕೆ 6,940 ಕೋಟಿ ರೂಪಾಯಿಗಳ ಯೋಜನೆಯನ್ನು ಮಾಡಿದರು. ಇದು ಸ್ತುತ್ಯವಾದ ಕಾರ್ಯ. ಆದರೆ ಕಾರ್ಖಾನೆ ನಡೆಸುವವರು ಯಂತ್ರಗಳಲ್ಲ, ರಸಾಯನ ಬಲ್ಲ ಮನುಷ್ಯರು. ಆ ಮನುಷ್ಯರನ್ನು ತಯಾರಿಸುವ ವೆಚ್ಚವನ್ನು ಒಬ್ಬ ಗುಮಾಸ್ತರ ನಿವೃತ್ತಿ ವೇತನದ ಮೇಲೆ ಹೊರಿಸುವುದು ಸ್ವಾವಲಂಬನೆಯಾಗಲಾರದು.

ಆದುದರಿಂದ ನಾಲ್ಕು ಸಲಹೆಗಳನ್ನು ಮಾಡುತ್ತೇವೆ. ಒಂದು, ಬಡ್ಡಿಯ ಸಹಾಯವನ್ನು ಮೂಲ ವಿಜ್ಞಾನದ ಪದವಿಗಳಿಗೂ ವಿಸ್ತರಿಸಬೇಕು. ಎರಡು, ಕಂತನ್ನು ಕಾಲಕ್ಕೆ ಕಟ್ಟದೆ ಸಂಪಾದನೆಗೆ ಕಟ್ಟಬೇಕು. ಆಸ್ಟ್ರೇಲಿಯದಲ್ಲಿ 1989ರಿಂದ ಈ ಕ್ರಮವಿದೆ. ವರಮಾನವು ಗೊತ್ತಾದ ಮಿತಿಯನ್ನು ದಾಟಿದ ಮೇಲೆಯೇ ವಸೂಲಿ, ದಾಟದಿದ್ದರೆ ಇಲ್ಲ. ಮೂರು, ಸರ್ಕಾರಿ ಕಾಲೇಜುಗಳಲ್ಲಿ ಖಾಲಿ ಬಿದ್ದ ಹುದ್ದೆಗಳನ್ನು ತುಂಬಿ, ಜಿಲ್ಲೆಗೊಂದಾದರೂ ಆಧುನಿಕ ಯಂತ್ರಗಳ ಸಾಮಾನ್ಯ ಪ್ರಯೋಗಶಾಲೆಯನ್ನು ಸ್ಥಾಪಿಸಬೇಕು. ಪದವಿಯ ಅವಧಿಯನ್ನು 2021ರಲ್ಲಿ ನಾಲ್ಕು ವರ್ಷಕ್ಕೆ ವಿಸ್ತರಿಸಿ, 2024ರಲ್ಲಿ ಮತ್ತೆ ಮೂರಕ್ಕೆ ತಂದ ರಾಜ್ಯದಲ್ಲಿ, ಒಂದು ವರ್ಷದ ಏರುಪೇರು ಬಡ ಕುಟುಂಬದ ಲೆಕ್ಕವನ್ನು ಎಷ್ಟು ಅಲುಗಿಸುತ್ತದೆಂಬುದನ್ನು ಅಧಿಕಾರಿಗಳು ಮನಗಾಣಬೇಕು. ನಾಲ್ಕು, ಪದವೀಧರರ ಮೊದಲ ಸಂಬಳವನ್ನು ಪ್ರಕಟಿಸುವುದನ್ನು ಪ್ರತಿಯೊಂದು ಕಾಲೇಜಿಗೂ ಕಡ್ಡಾಯ ಮಾಡಬೇಕು.

ಎರಡು ದಿನಗಳ ಮೇಲೆ ನಮ್ಮ ಸ್ನೇಹಿತರು ಮಗಳೊಂದಿಗೆ ಮತ್ತೆ ಬಂದರು. ಲೆಕ್ಕದ ಹಾಳೆಯನ್ನು ಅವರ ಮುಂದಿಟ್ಟೆವು. ಅವರು ಬಹಳ ಹೊತ್ತು ಅದನ್ನೇ ನೋಡುತ್ತಿದ್ದು, "ಹಾಗಾದರೆ ಓದಿಸಬೇಡವೆನ್ನುತ್ತೀರಾ?" ಎಂದು ಕುಗ್ಗಿದ ದನಿಯಲ್ಲಿ ಕೇಳಿದರು. ನಾವು ಹಾಗೆ ಹೇಳಲಿಲ್ಲ. ರಸಾಯನ ಶಾಸ್ತ್ರವನ್ನೇ ಓದಿಸಿ. ಆದರೆ ಮೊದಲು ಇನ್‌ಸ್ಪೈರಿಗೆ ಅರ್ಜಿ ಹಾಕಿಸಿ, ಬಿ.ಎಸ್ಸಿ.ಯನ್ನು ಸರ್ಕಾರಿ ಕಾಲೇಜಿನಲ್ಲಿ ಮುಗಿಸಲಿ, ಸಾಲದ ರುಜುವನ್ನು ಎಂ.ಎಸ್ಸಿ.ಯ ದಿನಕ್ಕೆ ಇಟ್ಟುಕೊಳ್ಳಿ, ಅಂದು ಒಂದೂವರೆ ಲಕ್ಷಕ್ಕಿಂತ ಹೆಚ್ಚು ಬೇಕಾಗದು ಎಂದೆವು. ಅಷ್ಟರವರೆಗೆ ಸುಮ್ಮನಿದ್ದ ಹುಡುಗಿ, "ಸರ್, ಆ ಕಾಲೇಜಿನಲ್ಲಿ ಎಚ್.ಪಿ.ಎಲ್.ಸಿ. ಇಲ್ಲವಂತಲ್ಲ, ನಾನು ಅದನ್ನು ಎಲ್ಲಿ ಕಲಿಯಲಿ?" ಎಂದಳು.

ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಉತ್ತರ ಕೊಡಬೇಕಾದವರು ವಿಧಾನಸೌಧದಲ್ಲಿದ್ದಾರೆ. ತಂದೆಯು ಹಾಸಿಗೆಯನ್ನು ಅಳೆದು ಕಾಲು ಚಾಚಬಲ್ಲನು. ಹಾಸಿಗೆಯನ್ನು ಒಂದು ಮೊಳ ಉದ್ದ ಮಾಡುವುದು ಮಾತ್ರ ಸರ್ಕಾರದ ಕರ್ತವ್ಯ. ಆ ಹುಡುಗಿಗೆ ಯಂತ್ರವನ್ನು ಮುಟ್ಟಲು ಮೂರು ವರ್ಷದೊಳಗಾದರೂ ಅವಕಾಶ ದೊರೆಯಲೆಂದು ಹಾರೈಸುತ್ತೇವೆ.